ಸಹಜ ಕೂದಲು: ಕಪ್ಪು ಮಹಿಳೆಯರ ಮುಡಿಗೆ ಕಾನೂನಿನ ಕಾವಲು

ಅಮೆರಿಕದ ಕಪ್ಪು ಜನಾಂಗದ ಮಹಿಳೆಯರಲ್ಲಿ ‘ನ್ಯಾಚುರಲ್ ಹೇರ್’, ಅಂದರೆ ಸಹಜ ಕೂದಲು ಎಂಬ ಮಾತು ಬಳಕೆಯಲ್ಲಿದೆ. ರಾಸಾಯನಿಕ ಹಚ್ಚಿ ನೇರ ಮಾಡದೆ, ಹುಟ್ಟಿನಿಂದ ಬಂದ ಗುಂಗುರನ್ನು ಹಾಗೆಯೇ ಉಳಿಸಿಕೊಂಡ ಕೂದಲು ಎಂಬುದು ಇದರ ಅರ್ಥ. ಕೇಳಲು ಸಣ್ಣ ವಿಷಯ. ಆದರೆ ಈ ಕೂದಲಿಗಾಗಿ ಅಲ್ಲಿನ ಮಹಿಳೆಯರು ನೌಕರಿ ಕಳೆದುಕೊಂಡಿದ್ದಾರೆ, ಕೋರ್ಟಿಗೆ ಹೋಗಿದ್ದಾರೆ. ಕೊನೆಗೆ ರಾಜ್ಯಗಳು ಕಾನೂನನ್ನೇ ಮಾಡಬೇಕಾಯಿತು.

ಕೂದಲಿನ ಗುಣ

ಆಫ್ರಿಕನ್ ಮೂಲದವರ ಕೂದಲು ಚರ್ಮದೊಳಗಿನ ಬುಡದಲ್ಲಿಯೇ ಬಾಗಿರುತ್ತದೆ. ಎಳೆ ದುಂಡಗಿರದೆ ಚಪ್ಪಟೆಯಾಗಿರುತ್ತದೆ. ಹೀಗಾಗಿ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡು ಬೆಳೆಯುತ್ತದೆ. ನೆತ್ತಿಯ ಎಣ್ಣೆಯಂಶ ಸುರುಳಿಯನ್ನು ದಾಟಿ ತುದಿಯವರೆಗೆ ಇಳಿಯುವುದು ಕಷ್ಟ. ಅದರಿಂದ ಕೂದಲು ಬೇಗ ಒಣಗುತ್ತದೆ, ಬಾಗಿದ ಕಡೆ ತುಂಡಾಗುತ್ತದೆ. ಒದ್ದೆಯಿದ್ದಾಗ ಉದ್ದ ಕಾಣುವ ಕೂದಲು ಒಣಗಿದ ಮೇಲೆ ಅರ್ಧಕ್ಕಿಂತಲೂ ಗಿಡ್ಡವಾಗುವುದುಂಟು. ಅದು ಬೆಳೆದಿಲ್ಲವೆಂದಲ್ಲ, ಸುರುಳಿ ಕುಗ್ಗಿರುತ್ತದೆ ಅಷ್ಟೆ.

ಆರೈಕೆಯ ಕ್ರಮವೂ ಬೇರೆ. ದಿನಾ ತಲೆಗೆ ನೀರು ಹಾಕುವುದಿಲ್ಲ, ವಾರಕ್ಕೋ ಎರಡು ವಾರಕ್ಕೋ ಒಮ್ಮೆ ತೊಳೆಯುತ್ತಾರೆ. ಅಗಲ ಹಲ್ಲಿನ ಬಾಚಣಿಗೆಯಿಂದ, ಕೂದಲು ಒದ್ದೆಯಿರುವಾಗಲೇ, ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಸಿಕ್ಕು ಬಿಡಿಸುತ್ತಾರೆ. ತಲೆಯ ಸುತ್ತ ಗುಂಡಗೆ ಬಿಡುವುದು ‘ಆಫ್ರೊ’. ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವುದು ‘ಕಾರ್ನ್‌ರೋ’, ಮೆಕ್ಕೆಜೋಳದ ಹೊಲದ ಸಾಲಿನ ಹೋಲಿಕೆಯಿಂದ ಬಂದ ಹೆಸರು. ಜಟೆಯಂತೆ ಗಟ್ಟಿಯಾಗಿ ಬೆಳೆಸುವುದು ‘ಲಾಕ್ಸ್’. ಸಣ್ಣ ಜಡೆಗಳನ್ನು ಹೆಣೆಯಲು ಇಡೀ ದಿನ ಹಿಡಿಯುವುದೂ ಉಂಟು. ತಾಯಿ, ಅಜ್ಜಿಯರ ಮೊಣಕಾಲಿನ ನಡುವೆ ಕುಳಿತು ಜಡೆ ಹಾಕಿಸಿಕೊಂಡ ನೆನಪು ಅಲ್ಲಿನ ಹಲವು ಹೆಣ್ಣುಮಕ್ಕಳಿಗಿದೆ.

ಬಟ್ಟೆಯಿಂದ ಬಾಚಣಿಗೆಯವರೆಗೆ

1786ರಲ್ಲಿ ಲೂಸಿಯಾನ ಸ್ಪೇನಿನ ಆಡಳಿತದಲ್ಲಿತ್ತು. ಗವರ್ನರ್ ಎಸ್ತೆಬಾನ್ ಮಿರೋ, ಕಪ್ಪು ಮತ್ತು ಮಿಶ್ರ ವರ್ಣದ ಮಹಿಳೆಯರು ತಲೆಗೆ ಬಟ್ಟೆ ಕಟ್ಟಬೇಕೆಂದು ಆಜ್ಞೆ ಹೊರಡಿಸಿದರು. ಅವರ ಕೇಶಾಲಂಕಾರ ಜನರ ಕಣ್ಣು ಸೆಳೆಯಬಾರದು, ಅವರ ಅಂತಸ್ತು ಕೆಳಗೇ ಇರಬೇಕು ಎಂಬುದು ಉದ್ದೇಶ. ಮಹಿಳೆಯರು ಬಣ್ಣಬಣ್ಣದ ಬಟ್ಟೆಗಳನ್ನು ಸೊಗಸಾಗಿ ಸುತ್ತಿ ಅದನ್ನೇ ಅಲಂಕಾರ ಮಾಡಿಕೊಂಡರು.

1865ರಲ್ಲಿ ಗುಲಾಮಗಿರಿ ರದ್ದಾದ ಮೇಲೂ, ನೇರವಾಗಿದ್ದರೆ ‘ಒಳ್ಳೆಯ ಕೂದಲು’, ಗುಂಗುರಾದರೆ ಕೆಟ್ಟದ್ದು ಎಂಬ ಭಾವನೆ ಉಳಿಯಿತು. ಒಲೆಯ ಮೇಲೆ ಕಾಯಿಸಿದ ಲೋಹದ ಬಾಚಣಿಗೆಯಿಂದ ಕೂದಲು ನೇರ ಮಾಡುವ ರೂಢಿ ಬಂತು. ಗುಲಾಮರಾಗಿದ್ದ ದಂಪತಿಗೆ 1867ರಲ್ಲಿ ಹುಟ್ಟಿದ ಸಾರಾ ಬ್ರೀಡ್‌ಲವ್, ತಮ್ಮ ಕೂದಲು ಉದುರಿದ್ದರಿಂದ ಬೇಸತ್ತು, ನೆತ್ತಿಗೆ ಹಚ್ಚುವ ಮುಲಾಮನ್ನು ಮನೆಮನೆಗೆ ಮಾರತೊಡಗಿದರು. ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಿಂದ ದೊಡ್ಡ ಉದ್ಯಮಿಯಾಗಿ, ಸಾವಿರಾರು ಕಪ್ಪು ಮಹಿಳೆಯರಿಗೆ ದುಡಿಮೆಯ ದಾರಿ ತೋರಿಸಿದರು.

1950ರ ದಶಕದಿಂದ ‘ರಿಲ್ಯಾಕ್ಸರ್’ ಎಂಬ ರಾಸಾಯನಿಕ ಕ್ರೀಮು ಮನೆಮನೆ ಸೇರಿತು. ಸೋಪು ತಯಾರಿಸಲು ಬಳಸುವ ಕಾಸ್ಟಿಕ್ ಸೋಡಾ ಹಲವು ಬಗೆಯ ರಿಲ್ಯಾಕ್ಸರ್‌ಗಳಲ್ಲಿತ್ತು. ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೆ ನೆತ್ತಿ ಸುಡುತ್ತದೆ. ಬುಡದಿಂದ ಹೊಸ ಗುಂಗುರು ಬಂದಂತೆಲ್ಲ ಮತ್ತೆ ಹಚ್ಚಬೇಕು. 1960ರ ದಶಕದ ನಾಗರಿಕ ಹಕ್ಕುಗಳ ಹೋರಾಟದಲ್ಲಿ ‘ಕಪ್ಪೇ ಚೆಂದ’ ಎಂಬ ಘೋಷಣೆ ಎದ್ದಾಗ ಆಫ್ರೊ ಸ್ವಾಭಿಮಾನದ ಗುರುತಾಯಿತು. ಹೋರಾಟಗಾರ್ತಿ ಏಂಜೆಲಾ ಡೇವಿಸ್ ಅವರ ಆಫ್ರೊ ಜಗತ್ತಿಗೇ ಪರಿಚಿತವಾಯಿತು.

ಕೋರ್ಟಿನ ಮೆಟ್ಟಿಲು

ಕಾರ್ನ್‌ರೋ ಜಡೆಗೆ ವಿಮಾನ ಕಂಪನಿಯೊಂದು ಅಡ್ಡಿ ಮಾಡಿದಾಗ ಅಲ್ಲಿನ ನೌಕರಳೊಬ್ಬರು ದಾವೆ ಹೂಡಿದರು. 1981ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ಕಂಪನಿಯ ಪರ ತೀರ್ಪು ಕೊಟ್ಟಿತು. ಮೈಬಣ್ಣ ಬದಲಿಸಲಾಗದು, ಜಡೆ ಬದಲಿಸಬಹುದು, ಆದ್ದರಿಂದ ಇದು ಜನಾಂಗ ಭೇದವಲ್ಲ ಎಂಬುದು ಕೋರ್ಟಿನ ವಾದ. 2010ರಲ್ಲಿ ಅಲಬಾಮ ರಾಜ್ಯದ ಮಹಿಳೆಯೊಬ್ಬರು ಲಾಕ್ಸ್ ಕತ್ತರಿಸಲು ಒಪ್ಪದ್ದರಿಂದ ಕೈಗೆ ಬಂದ ನೌಕರಿ ತಪ್ಪಿತು. 2016ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿಯೂ ಇದೇ ತರ್ಕ ಗೆದ್ದಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಶಾಲಾ ಬಾಲಕಿಯರು ಕೂದಲಿನ ನಿಯಮದ ವಿರುದ್ಧ ಪ್ರತಿಭಟಿಸಿದರು.

ಅಮೆರಿಕದ ಭೂಸೇನೆ 2017ರಲ್ಲಿ ಮಹಿಳೆಯರಿಗೆ ಲಾಕ್ಸ್ ಬಿಡಲು ಅನುಮತಿ ನೀಡಿತು. 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯ ರಾಜ್ಯ ‘ಕ್ರೌನ್’ ಕಾಯಿದೆ ತಂದಿತು. ಕ್ರೌನ್ ಎಂದರೆ ಕಿರೀಟ. ಕೂದಲಿನ ಗುಣ ಹಾಗೂ ಜಡೆ, ಲಾಕ್ಸ್‌ನಂಥ ಶೈಲಿಗಳ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಮಾಡುವುದು ಜನಾಂಗ ಭೇದವೇ ಎಂದು ಅದು ಹೇಳುತ್ತದೆ. ಆನಂತರ 20ಕ್ಕೂ ಹೆಚ್ಚು ರಾಜ್ಯಗಳು ಇಂಥ ಕಾನೂನು ಮಾಡಿವೆ. ದೇಶಕ್ಕೆಲ್ಲ ಅನ್ವಯಿಸುವ ಮಸೂದೆ 2022ರಲ್ಲಿ ಕೆಳಮನೆಯಲ್ಲಿ ಪಾಸಾದರೂ ಸೆನೆಟ್‌ನಲ್ಲಿ ಮುಂದೆ ಸಾಗಲಿಲ್ಲ.

ಆರೋಗ್ಯದ ಪ್ರಶ್ನೆ

2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು ಪ್ರಕಟವಾಯಿತು. 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದಾಗ 378 ಮಂದಿಗೆ ಗರ್ಭಕೋಶದ ಕ್ಯಾನ್ಸರ್ ಕಂಡುಬಂತು. ಕೂದಲು ನೇರ ಮಾಡುವ ರಾಸಾಯನಿಕವನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಈ ರೋಗ ಬರುವ ಸಂಭವ ಶೇ. 1.64, ಪದೇಪದೇ ಬಳಸಿದವರಲ್ಲಿ ಶೇ. 4.05 ಎಂದು ಅಂದಾಜಿಸಲಾಯಿತು. ರಾಸಾಯನಿಕವೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ, ನಂಟು ಇದೆ ಎಂದಷ್ಟೇ ತಿಳಿಯುತ್ತದೆ. ಆದರೆ ಬಳಸುವವರಲ್ಲಿ ಕಪ್ಪು ಮಹಿಳೆಯರೇ ಹೆಚ್ಚು, ಅದೂ ಚಿಕ್ಕ ವಯಸ್ಸಿನಿಂದಲೇ.

ತಿರುಪತಿಯ ಮುಡಿ, ಯಲ್ಲಾಪುರದ ಸಿದ್ದಿಗಳು

ಸಹಜ ಕೂದಲನ್ನು ಒಳಗೆ ಹೆಣೆದು, ಮೇಲೆ ಬೇರೆ ಕೂದಲು ಹೊಲಿಸಿಕೊಳ್ಳುವವರೂ ಬಹಳ ಮಂದಿ ಇದ್ದಾರೆ. ಈ ಕೂದಲಿನ ಪೇಟೆಗೆ ಭಾರತದ್ದೇ ದೊಡ್ಡ ಪಾಲು. ಭಕ್ತರು ತಿರುಮಲದಲ್ಲಿ ಹರಕೆಯಾಗಿ ಕೊಟ್ಟ ಮುಡಿಯನ್ನು ದೇವಸ್ಥಾನ ಹರಾಜು ಹಾಕುತ್ತದೆ, ಅದು ವಿಗ್ ತಯಾರಕರ ಕೈ ದಾಟಿ ಅಮೆರಿಕದ ಅಂಗಡಿಗಳನ್ನೂ ಸೇರುತ್ತದೆ. 2009ರ ‘ಗುಡ್ ಹೇರ್’ ಎಂಬ ಸಾಕ್ಷ್ಯಚಿತ್ರ ಈ ವ್ಯಾಪಾರವನ್ನು ತೋರಿಸಿದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳೂ ಆಫ್ರಿಕನ್ ಮೂಲದವರೇ. ಶತಮಾನಗಳಿಂದ ಇಲ್ಲಿಯೇ ನೆಲೆಸಿ ಕೊಂಕಣಿ, ಕನ್ನಡ ಮಾತಾಡುವ ಇವರನ್ನು ಬಣ್ಣ ಮತ್ತು ಕೂದಲು ನೋಡಿ ಪರದೇಶದವರೆಂದು ತಿಳಿಯುವವರು ಇಂದಿಗೂ ಇದ್ದಾರೆ.

ಕೂದಲು ನೇರ ಮಾಡಿಸಿಕೊಳ್ಳುವುದು ತಪ್ಪು ಎಂದು ಕ್ರೌನ್ ಕಾಯಿದೆ ಹೇಳುವುದಿಲ್ಲ. ಬೇಕಾದವರು ಮಾಡಿಸಿಕೊಳ್ಳಬಹುದು. ಬೇಡವೆನ್ನುವವರ ಅನ್ನಕ್ಕೆ, ಓದಿಗೆ ಕಲ್ಲು ಬೀಳಬಾರದು ಎಂಬುದಷ್ಟೇ ಅದರ ಸಾರ.