ಓದುಗನಿಗೆ ತಕ್ಕ ಗ್ರಂಥ

ಗ್ರಂಥಾಲಯಶಾಸ್ತ್ರದ ಆಚಾರ್ಯರೆಂದು ಲೋಕವಿಖ್ಯಾತರಾದ ಎಸ್. ಆರ್. ರಂಗನಾಥನ್ ಅವರು ೧೯೧೭ರಲ್ಲಿ ಗಣಿತದ ಅಧ್ಯಾಪಕರಾಗಿ ಮಂಗಳೂರಿನ ಸರಕಾರಿ ಕಾಲೇಜಿಗೆ ಬಂದಿದ್ದರೆಂಬ ಸಂಗತಿ ನಮ್ಮ ನಗರದವರಲ್ಲಿಯೇ ಎಷ್ಟೋ ಮಂದಿಗೆ ತಿಳಿಯದು. ಇಂದು ಹಂಪನಕಟ್ಟೆಯಲ್ಲಿ ವಿಶ್ವವಿದ್ಯಾನಿಲಯ ಕಾಲೇಜೆಂದು ಕರೆಯಿಸಿಕೊಳ್ಳುವ ವಿದ್ಯಾಲಯವೇ ಅದು. ಅದೇ ಕಾಲೇಜಿನಲ್ಲಿ ಅವರಿಗಿಂತ ಮುಂಚೆ ಕನ್ನಡ ಪಂಡಿತರಾಗಿದ್ದವರು ಪಂಜೆ ಮಂಗೇಶರಾಯರು. ಒಬ್ಬರು ಓದುಗನಿಗೂ ಗ್ರಂಥಕ್ಕೂ ಇರಬೇಕಾದ ಸಂಬಂಧವನ್ನು ಶಾಸ್ತ್ರವಾಗಿ ನಿರೂಪಿಸಿದರು. ಇನ್ನೊಬ್ಬರು ತಕ್ಕ ಗ್ರಂಥವಿಲ್ಲದ ಓದುಗರಿಗಾಗಿ ತಾವೇ ಬರೆದರು. ಯಾರಿಗೆ ಯಾವ ಪುಸ್ತಕವೆಂಬ ಪ್ರಶ್ನೆಯನ್ನು ವಿಚಾರಿಸುವವರಿಗೆ ಈ ಇಬ್ಬರ ಚರಿತ್ರೆಯೂ ಉಪಯುಕ್ತವಾಗಿದೆ.

ರಂಗನಾಥನ್ ಅವರು ೧೯೨೪ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಪ್ರಥಮ ಗ್ರಂಥಪಾಲಕರಾದರು. ವಿಶೇಷ ಶಿಕ್ಷಣಕ್ಕಾಗಿ ಲಂಡನ್ನಿಗೆ ತೆರಳಿದಾಗ, ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಮಕ್ಕಳ ಆಟಿಕೆಯನ್ನು ಕಂಡರು. ಕೆಲವೇ ಬಿಡಿಭಾಗಗಳನ್ನು ಬಗೆಬಗೆಯಾಗಿ ಜೋಡಿಸಿ ನಾನಾ ಆಕೃತಿಗಳನ್ನು ಕಟ್ಟುವ ಆ ಆಟಿಕೆಯಿಂದಲೇ, ಗ್ರಂಥಗಳ ವಿಷಯಗಳನ್ನೂ ಹಾಗೆ ಜೋಡಿಸಿ ವರ್ಗೀಕರಿಸಬಹುದೆಂಬ ಆಲೋಚನೆ ಅವರಿಗೆ ಹೊಳೆಯಿತು. ೧೯೩೧ರಲ್ಲಿ ಗ್ರಂಥಾಲಯದ ಐದು ಸೂತ್ರಗಳೂ ೧೯೩೩ರಲ್ಲಿ ಕೋಲನ್ ವರ್ಗೀಕರಣವೂ ಪ್ರಕಟವಾದುವು. ಗ್ರಂಥಗಳಿರುವುದು ಉಪಯೋಗಕ್ಕಾಗಿ, ಒಬ್ಬೊಬ್ಬ ಓದುಗನಿಗೂ ಅವನಿಗೆ ಸಲ್ಲುವ ಗ್ರಂಥವುಂಟು, ಒಂದೊಂದು ಗ್ರಂಥಕ್ಕೂ ಅದನ್ನು ಬಯಸುವ ಓದುಗನುಂಟು ಎಂಬುದೇ ಆ ಸೂತ್ರಗಳಲ್ಲಿ ಮೊದಲ ಮೂರರ ತಾತ್ಪರ್ಯ. ಇದರಲ್ಲಿ ಅಡಗಿರುವ ತತ್ತ್ವವು ಗಹನವಾದುದು. ಆರಿಸುವವನ ಅಭಿರುಚಿಯಲ್ಲ, ಓದುವವನ ಅಗತ್ಯವೇ ಆಯ್ಕೆಗೆ ಆಧಾರ.

ಕೋಲನ್ ಪದ್ಧತಿಯಲ್ಲಿ ಮನಃಶಾಸ್ತ್ರಕ್ಕೆ ‘ಎಸ್’ ಎಂಬ ಅಕ್ಷರವೂ ಅದರ ಮಗ್ಗುಲಲ್ಲಿಯೇ ಶಿಕ್ಷಣಕ್ಕೆ ‘ಟಿ’ ಎಂಬ ಅಕ್ಷರವೂ ಸಲ್ಲುತ್ತವೆ. ಮನಃಶಾಸ್ತ್ರದ ವಿಭಾಗಗಳಲ್ಲಿ ಮೊದಲನೆಯ ಅಂಕೆಯು ಶಿಶುವಿನದು. ಆದರೆ ಶಿಶುವಿನ ವಿಷಯವಾದ ಗ್ರಂಥ ಬೇರೆ, ಶಿಶುವಿಗೆ ಸಲ್ಲುವ ಗ್ರಂಥ ಬೇರೆ. ಮನಃಶಾಸ್ತ್ರದ ವಿದ್ಯಾರ್ಥಿಗೆ ಪುಸ್ತಕವನ್ನು ಆರಿಸುವಾಗ ಅದು ಅಚ್ಚಾದ ವರ್ಷವನ್ನು ನೋಡಬೇಕು. ಏಕೆಂದರೆ ಪ್ರಯೋಗದಿಂದ ಬೆಳೆಯುವ ಶಾಸ್ತ್ರದಲ್ಲಿ ನಿನ್ನೆಯ ಸಿದ್ಧಾಂತವನ್ನು ಇಂದಿನ ಪರೀಕ್ಷೆ ತಿದ್ದುತ್ತದೆ. ಫ್ರಾಯ್ಡನ ಮತವೊಂದನ್ನೇ ಓದಿದವನು ವರ್ತನವಾದಿಗಳ ಆಕ್ಷೇಪವನ್ನು ಅರಿಯನು. ಆದುದರಿಂದ ಎರಡು ಪಕ್ಷದ ಗ್ರಂಥಗಳೂ ಅವನ ಕೈಗೆ ಸಿಗಬೇಕು. ಮಗುವಿನ ಪುಸ್ತಕಕ್ಕಾದರೋ ವರ್ಷದ ಗಣನೆಯಿಲ್ಲ. ಅಕ್ಷರ ದೊಡ್ಡದೆ, ವಾಕ್ಯ ಸಣ್ಣದೆ, ಗಟ್ಟಿಯಾಗಿ ಓದಿದರೆ ಕಿವಿಗೆ ಇಂಪೆ, ಮತ್ತೊಮ್ಮೆ ಓದೆಂದು ಮಗು ಕೇಳುವುದೆ ಎಂಬಿವೇ ಅಲ್ಲಿಯ ಪರೀಕ್ಷೆಗಳು.

ಮಂಗಳೂರಿನಲ್ಲಿ ಈ ಪರೀಕ್ಷೆಯು ಇನ್ನಷ್ಟು ಕಠಿಣ. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳ ಮಕ್ಕಳಿಗೆ ಕನ್ನಡವು ಶಾಲೆಯಲ್ಲಿ ಕಲಿಯುವ ಭಾಷೆ. ಪಂಜೆಯವರ ಮನೆಮಾತೂ ಕೊಂಕಣಿಯೇ. ಶಾಲೆಗಳ ತನಿಖಾಧಿಕಾರಿಯಾಗಿಯೂ ದುಡಿದ ಅವರು ‘ಇಲಿಗಳ ಥಕಥೈ’, ‘ಗುಡುಗುಡು ಗುಮ್ಮಟ ದೇವರು’ ಮೊದಲಾದ ಕಥೆಗಳಲ್ಲಿ ಹೆಸರಿನಿಂದಲೇ ನಾಲಗೆಗೆ ಕುಣಿತವನ್ನು ಕೊಟ್ಟರು. ತುಳು ಪಾಡ್ದನಗಳ ವೀರರ ಕಥೆಯನ್ನು ‘ಕೋಟಿ ಚೆನ್ನಯ’ವೆಂಬ ಕನ್ನಡ ಗದ್ಯವಾಗಿ ೧೯೨೪ರಲ್ಲಿ ಇತ್ತುದರಿಂದ, ಮನೆಯಲ್ಲಿ ಕೇಳಿದ ಕಥೆಯನ್ನೇ ಪುಸ್ತಕದಲ್ಲಿ ಓದುವ ಭಾಗ್ಯ ತುಳುವ ಬಾಲಕರಿಗೆ ದೊರೆಯಿತು. ಬಳಿಕ ೧೯೩೬ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು, ಕಥೆಯನ್ನು ಮುಗಿಸಿ ‘ಏಕೆ?’ ಎಂದು ಕೇಳತೊಡಗಿದ ಮಗುವಿಗೆ ಬೇಕಾದುದು ಅದು.

ಹಿರಿಯ ವಿದ್ಯಾರ್ಥಿಯ ಪಾಲಿಗೆ ಕನ್ನಡವು ಇಷ್ಟು ಉದಾರವಾಗಿಲ್ಲ. ವೈದ್ಯರಾಗಿದ್ದ ‘ರಾಶಿ’ ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಮನೋವೈದ್ಯರಾದ ಸಿ. ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರಿಗಾಗಿ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ. ಇವು ಮನಸ್ಸಿನ ಬಾಧೆಯನ್ನು ಮೂಢನಂಬಿಕೆಯಿಂದ ಬಿಡಿಸುವ ಗ್ರಂಥಗಳು, ಗೃಹಸ್ಥರಿಗೆ ಅತ್ಯವಶ್ಯಕ. ಆದರೆ ಪದವಿ ತರಗತಿಯವನು ಪ್ರಯೋಗವಿಧಾನಕ್ಕಾಗಿ ಇಂದಿಗೂ ಹೆಚ್ಚಾಗಿ ಇಂಗ್ಲಿಷನ್ನೇ ಆಶ್ರಯಿಸಬೇಕಾಗಿದೆ. ಕನ್ನಡದಲ್ಲಿ ಓದಿ ಬಂದ ಬಡ ವಿದ್ಯಾರ್ಥಿಯು ಇದರಿಂದ ಶಾಸ್ತ್ರದಲ್ಲಿ ಅಲ್ಲ, ಭಾಷೆಯಲ್ಲಿ ಸೋಲುತ್ತಾನೆ. ಅವನಿಗೆ ಪಂಜೆಯವರಂಥ ಲೇಖಕರು ಇನ್ನೂ ಬೇಕಾಗಿದ್ದಾರೆ.

ರಂಗನಾಥನ್ ಅವರ ಪ್ರಯತ್ನದ ಫಲವಾದ ೧೯೪೮ರ ಮದ್ರಾಸು ಸಾರ್ವಜನಿಕ ಗ್ರಂಥಾಲಯ ಶಾಸನವು ಅಂದು ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೂ ಅನ್ವಯಿಸಿತು. ೧೯೬೫ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಶಾಸನವಾಯಿತು. ಮನೆತೆರಿಗೆಯೊಡನೆ ಗ್ರಂಥಾಲಯದ ಕರವನ್ನು ನಾವು ತೆರುತ್ತಿರುವುದು ಈ ಶಾಸನದ ಪ್ರಕಾರವೇ. ಕರವನ್ನು ತೆತ್ತ ಮೇಲೆ ಪುಸ್ತಕದ ಬೇಡಿಕೆಯನ್ನೂ ಸಲ್ಲಿಸುವುದು ನಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ದೂರದ ರಾಜಧಾನಿಯಲ್ಲಿ ಪಟ್ಟಿ ಮಾಡುವವರಿಗೆ ನಮ್ಮ ಬೀದಿಯ ಮಗುವಿನ ಮನೆಮಾತು ಯಾವುದೆಂದು ತಿಳಿಯುವುದೆಂತು? ನಮ್ಮೂರ ವಿದ್ಯಾರ್ಥಿನಿಯು ಯಾವ ಪುಸ್ತಕ ಸಿಗದೆ ಹಿಂದಿರುಗಿದಳೆಂದು ಹೇಳುವವರಾರು? ಸುಶಿಕ್ಷಿತ ಕುಟುಂಬಗಳು ವರ್ಷಕ್ಕೊಮ್ಮೆಯಾದರೂ ತಮಗೂ ನೆರೆಯವರಿಗೂ ಬೇಕಾದ ಗ್ರಂಥಗಳ ಹೆಸರುಗಳನ್ನು ಬರೆದು ಗ್ರಂಥಪಾಲಕರ ಕೈಗೆ ಕೊಡಲಿ. ಓದುಗನು ಕೇಳದಿದ್ದರೆ ಅವನ ಗ್ರಂಥ ಕಪಾಟಿಗೆ ಬಾರದು.