ಚಿನ್ನದ ಜಲಪಾತವನ್ನು ಕಾದ ಹೆಣ್ಣುಮಗಳು

ಯೂರೋಪು ಖಂಡದ ವಾಯವ್ಯಕ್ಕೆ, ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಐಸ್‌ಲೆಂಡ್ ಎಂಬ ದ್ವೀಪರಾಷ್ಟ್ರವೊಂದಿದೆ. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆಯಾದರೋ ನಾಲ್ಕು ಲಕ್ಷದ ಆಸುಪಾಸು. ಒಡಲಲ್ಲಿ ಜ್ವಾಲಾಮುಖಿಯ ಬೆಂಕಿ, ನೆತ್ತಿಯ ಮೇಲೆ ಹಿಮದ ರಾಶಿ. ನೆಲದ ಸುಮಾರು ಹತ್ತರಲ್ಲೊಂದು ಪಾಲನ್ನು ಹಿಮನದಿಗಳೇ ಆವರಿಸಿವೆ. ಬೇಸಗೆಯಲ್ಲಿ ಈ ಹಿಮ ಕರಗಿ ಹೊಳೆಯಾಗುತ್ತದೆ. ಜ್ವಾಲಾಮುಖಿ ಉಗುಳಿದ ಕರಿಬಂಡೆಗಳ ಮೇಲಿಂದ ಧುಮ್ಮಿಕ್ಕುತ್ತದೆ. ಅದರಿಂದಲೇ ಆ ಪುಟ್ಟ ನಾಡಿನಲ್ಲಿ ಹೆಜ್ಜೆಹೆಜ್ಜೆಗೂ ಜಲಪಾತ.

ಅವರ ನುಡಿಯಲ್ಲಿ ‘ಫಾಸ್’ ಎಂದರೆ ಜಲಪಾತ. ದಕ್ಷಿಣ ಕರಾವಳಿಯ ಸ್ಕೋಗಾಫಾಸ್ ಅರುವತ್ತು ಮೀಟರು ಎತ್ತರದಿಂದ ಬೀಳುತ್ತದೆ. ಅದು ಬೀಳುವ ಕಡಿದಾದ ಬಂಡೆ ಒಂದು ಕಾಲಕ್ಕೆ ಸಮುದ್ರದ ದಂಡೆಯಾಗಿತ್ತು. ಈಶಾನ್ಯದ ಡೆಟ್ಟಿಫಾಸ್ ನೂರು ಮೀಟರಿನಷ್ಟು ಅಗಲ, ನಲವತ್ತನಾಲ್ಕು ಮೀಟರಿನಷ್ಟು ಎತ್ತರ. ವಾಟ್ನಯೋಕುಲ್ ಎಂಬ ಮಹಾ ಹಿಮನದಿಯ ನೀರು ಬಂಡೆಯ ಹುಡಿಯನ್ನು ಹೊತ್ತು ಕದಡಿದ ಬಣ್ಣದಲ್ಲಿ ಅಲ್ಲಿ ಉರುಳುತ್ತದೆ.

ಆ ನಾಡಿನ ಇತಿಹಾಸವೂ ಈ ಜಲಪಾತಗಳೊಡನೆ ಹೆಣೆದುಕೊಂಡಿದೆ. ಕ್ರಿ. ಶ. ೯೩೦ರ ಸುಮಾರಿನಲ್ಲಿಯೇ ಅಲ್ಲಿನವರು ಆಲ್ತಿಂಗ್ ಎಂಬ ಜನಸಭೆಯನ್ನು ಕಟ್ಟಿಕೊಂಡಿದ್ದರು. ೧೦೦೦ನೆಯ ಇಸವಿಯ ಹೊತ್ತಿಗೆ ಹಳೆಯ ದೇವತೆಗಳನ್ನು ನಂಬಿದವರಿಗೂ ಕ್ರೈಸ್ತರಿಗೂ ಕಲಹ ಹತ್ತಿ ನಾಡು ಎರಡು ಹೋಳಾಗುವ ಪ್ರಸಂಗ ಬಂದಿತು. ತೀರ್ಪನ್ನು ತೋರ್ಗೈರ್ ಎಂಬ ಹಿರಿಯನಿಗೆ ಬಿಟ್ಟರು. ಆತ ಹಳೆಯ ಮತದವನೇ. ಕಂಬಳಿ ಹೊದ್ದು ಒಂದು ಹಗಲು ಒಂದು ಇರುಳು ಮಲಗಿ ಯೋಚಿಸಿ, ನಾಡಿಗೆಲ್ಲ ಒಂದೇ ಕಾನೂನು ಇರಬೇಕೆಂದೂ ಎಲ್ಲರೂ ಕ್ರೈಸ್ತರಾಗತಕ್ಕದ್ದೆಂದೂ ಸಾರಿದನು. ಮನೆಯೊಳಗೆ ಗುಟ್ಟಾಗಿ ಹಳೆಯ ದೇವರನ್ನು ಪೂಜಿಸುವವರಿಗೆ ಆಗ ಅಡ್ಡಿಯಿರಲಿಲ್ಲ. ಊರಿಗೆ ಮರಳಿದ ಮೇಲೆ ಆತ ತನ್ನ ದೇವರ ಮೂರ್ತಿಗಳನ್ನು ಜಲಪಾತವೊಂದರಲ್ಲಿ ವಿಸರ್ಜಿಸಿದನೆಂದು ಐತಿಹ್ಯ. ದೇವರ ಜಲಪಾತವೆಂಬ ಅರ್ಥದ ಗೋದಾಫಾಸ್ ಅದೇ. ಮೂರ್ತಿಯ ಕಥೆ ಬಹಳ ಕಾಲದ ನಂತರ ಹುಟ್ಟಿದ್ದೆಂದು ಹೇಳುವವರುಂಟು. ತೀರ್ಪು ಮಾತ್ರ ಐತಿಹಾಸಿಕವಾದದ್ದು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜಲಪಾತಕ್ಕೆ ಹೊಸದೊಂದು ಬೆಲೆ ಬಂದಿತು. ೧೯೦೪ರಲ್ಲಿ ಹಾಫ್ನರ್‌ಫ್ಯೋರ್ದುರ್ ಎಂಬ ಊರಿನ ತೊರೆಯೊಂದರಿಂದ ವಿದ್ಯುತ್ತು ತೆಗೆದು ಮನೆಗಳಿಗೆ ದೀಪ ಹಚ್ಚಿದರು. ನೀರು ಬೀಳುವಲ್ಲಿ ಹಣವಿದೆಯೆಂಬ ಸುದ್ದಿ ಹಬ್ಬುವುದಕ್ಕೆ ತಡವಾಗಲಿಲ್ಲ. ಪರದೇಶದ ಬಂಡವಾಳಗಾರರು ಜಲಪಾತಗಳನ್ನು ಕೊಳ್ಳಲು ಹೊರಟರು. ಡೆನ್ಮಾರ್ಕಿನ ಅರಸನ ಆಳ್ವಿಕೆಯಲ್ಲಿದ್ದ ಬಡನಾಡು ಅದು. ಮೀನು ಮತ್ತು ಕುರಿ ಬಿಟ್ಟರೆ ಹೆಚ್ಚಿನ ಹುಟ್ಟುವಳಿಯಿಲ್ಲ. ಐನಾರ್ ಬೆನೆಡಿಕ್ಟ್‌ಸನ್ನರಂಥ ಹೆಸರಾಂತ ಕವಿಯೇ ೧೯೧೪ರಲ್ಲಿ ‘ಟೈಟನ್’ ಎಂಬ ಕಂಪನಿಯನ್ನು ಕಟ್ಟಿ, ಥ್ಯೋರ್ಸಾ ನದಿಗೆ ಯಂತ್ರ ಹೂಡಿ ನಾಡಿನ ಬಡತನವನ್ನು ನೀಗಿಸಬೇಕೆಂದು ಕನಸು ಕಂಡರು. ಕವಿಯ ಈ ಆಸೆಯನ್ನು ನಾವು ಹಗುರವಾಗಿ ಕಾಣಲಾರೆವು. ಹಸಿದವನಿಗೆ ಸೌಂದರ್ಯವೊಂದೇ ಊಟವಾಗದು.

ಇಂಥ ಕಾಲದಲ್ಲಿ ನಡೆದದ್ದು ಗುಲ್‌ಫಾಸ್‌ನ ಕಥೆ. ಗುಲ್‌ಫಾಸ್ ಎಂದರೆ ಚಿನ್ನದ ಜಲಪಾತ. ಲಾಂಗ್‌ಯೋಕುಲ್ ಹಿಮನದಿಯಿಂದ ಹೊರಡುವ ಹ್ವಿತಾ ಎಂಬ ಹೊಳೆ, ಕನ್ನಡದಲ್ಲಿ ಹೇಳುವುದಾದರೆ ಬಿಳಿಹೊಳೆ, ಅಲ್ಲಿ ಮೊದಲು ಹನ್ನೊಂದು ಮೀಟರು, ಬಳಿಕ ಇಪ್ಪತ್ತೊಂದು ಮೀಟರು, ಹೀಗೆ ಎರಡು ಮೆಟ್ಟಿಲಾಗಿ ಇಕ್ಕಟ್ಟಾದ ಕೊರಕಲಿಗೆ ಇಳಿಯುತ್ತದೆ. ದೂರದಿಂದ ನೋಡುವವರಿಗೆ ನದಿಗೆ ನದಿಯೇ ಭೂಮಿಯೊಳಗೆ ಹೊಕ್ಕಂತೆ ತೋರುತ್ತದೆ.

ಪಕ್ಕದ ಬ್ರಾಟ್‌ಹೋಲ್ಟ್ ಎಂಬ ಒಕ್ಕಲಿನ ಮನೆಯ ತೋಮಾಸ್ ಎಂಬ ರೈತ ಆ ಜಲಪಾತದ ಹಕ್ಕುದಾರರಲ್ಲೊಬ್ಬ. ೧೯೦೭ರಲ್ಲಿ ಇಂಗ್ಲಿಷಿನವನೊಬ್ಬ ಬಂದು ಐವತ್ತು ಸಾವಿರ ಕ್ರೋನಾ ಕೊಡುವೆನೆಂದಾಗ, ಗೆಳೆಯನನ್ನು ಮಾರುವುದುಂಟೇ ಎಂದು ಆತ ಹಿಂದಕ್ಕೆ ಕಳುಹಿಸಿದನೆಂದು ಹೇಳುತ್ತಾರೆ. ಆದರೆ ಮುಂದೆ ಜಲಪಾತವು ಗುತ್ತಿಗೆಗೆ ಹೋಯಿತು. ಗುತ್ತಿಗೆ ಕೈಯಿಂದ ಕೈಗೆ ದಾಟಿ ವಿದ್ಯುತ್ ತೆಗೆಯಬಯಸಿದ ಪರದೇಶದವರ ವಶವಾಯಿತು.

ತೋಮಾಸನ ಮಗಳು ಸಿಗ್ರಿದುರ್ ಇದನ್ನು ಒಪ್ಪಲಿಲ್ಲ. ೧೮೭೧ರಲ್ಲಿ ಹುಟ್ಟಿದ ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮನೆಯಲ್ಲೇ ಓದಿ ತಿಳಿದವಳು. ಜಲಪಾತ ನೋಡಬಂದವರಿಗೆ ದಾರಿ ತೋರಿಸುತ್ತಿದ್ದವರು ಆಕೆ ಮತ್ತು ಆಕೆಯ ಸೋದರಿಯರು. ಅಲ್ಲಿಗೆ ಮೊದಲ ಕಾಲುದಾರಿಯನ್ನು ಮಾಡಿದವರೂ ಅವರೇ. ಕೂಡಿಟ್ಟ ದುಡ್ಡನ್ನೆಲ್ಲ ಆಕೆ ದಾವೆಗೆ ಸುರಿದಳು. ರಾಜಧಾನಿ ರೇಕ್ಯಾವಿಕ್ ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಅಧಿಕಾರಿಗಳನ್ನು ಕಾಣಲು ಆ ದೂರವನ್ನು ಕಾಲ್ನಡೆಯಲ್ಲಿ ಸವೆಸಿದಳೆಂದು ಜನ ಇಂದಿಗೂ ನೆನೆಯುತ್ತಾರೆ. ಯಂತ್ರ ಹೂಡಿದರೆ ತಾನು ಜಲಪಾತಕ್ಕೆ ಹಾರುವೆನೆಂದು ಹೇಳಿದಳೆಂಬ ಮಾತೂ ಜನಜನಿತವಾಗಿದೆ. ಆಕೆಗೆ ನೆರವಾದ ವಕೀಲರು ಸ್ವೇನ್ ಬ್ಯೋರ್ನ್‌ಸನ್. ೧೯೪೪ರಲ್ಲಿ ಐಸ್‌ಲೆಂಡ್ ಗಣರಾಜ್ಯವಾದಾಗ ಮೊದಲ ಅಧ್ಯಕ್ಷರಾದವರು ಅವರೇ.

ನ್ಯಾಯಾಸ್ಥಾನದಲ್ಲಿ ಸಿಗ್ರಿದುರ್ ಗೆಲ್ಲಲಿಲ್ಲವೆಂಬುದನ್ನು ನಾವು ಮರೆಯಬಾರದು. ಗುತ್ತಿಗೆಯ ಹಣ ಸಲ್ಲಲಿಲ್ಲವಾಗಿ ೧೯೨೯ರಲ್ಲಿ ಕರಾರು ತಾನಾಗಿ ಬಿದ್ದುಹೋಯಿತು. ಹಾಗಾದರೆ ಆಕೆ ಪಟ್ಟ ಪಾಡು ವ್ಯರ್ಥವೇ? ಅಲ್ಲವೆಂದೇ ನಮ್ಮ ಎಣಿಕೆ. ಜಲಪಾತವೆಂದರೆ ಬರಿಯ ಸೊತ್ತಲ್ಲ, ಅದರ ಪರವಾಗಿ ಮಾತಾಡುವವರೂ ಇದ್ದಾರೆಂಬ ಅರಿವು ಆ ನಾಡಿಗೆ ಆಕೆಯಿಂದ ಬಂದಿತು. ಆಕೆ ೧೯೫೭ರಲ್ಲಿ ತೀರಿಕೊಂಡಳು. ೧೯೭೮ರಲ್ಲಿ ಜಲಪಾತದ ಮೇಲ್ಗಡೆ ಆಕೆಯ ಸ್ಮಾರಕ ನಿಂತಿತು. ಮರುವರ್ಷವೇ ಗುಲ್‌ಫಾಸ್ ಸಂರಕ್ಷಿತ ಕ್ಷೇತ್ರವಾಯಿತು.

ಕನ್ನಡಿಗರಿಗೆ ಈ ಕಥೆ ದೂರದ್ದೆನಿಸದು. ಗುಲ್‌ಫಾಸ್‌ಗೆ ಬೆಲೆ ಕಟ್ಟುವುದಕ್ಕೆ ಐದು ವರ್ಷ ಮೊದಲೇ, ೧೯೦೨ರಲ್ಲಿ, ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕಳುಹಿಸಿದ್ದಳು. ೧೯೪೮ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ಎದ್ದಿತು. ಆ ಬೆಳಕಿನಿಂದ ನಾಡು ಬೆಳೆಯಿತು, ನಿಜ. ಆದರೆ ಶರಾವತಿಯ ಕಣಿವೆಯಲ್ಲಿ ಮನೆ, ಗದ್ದೆ, ತೋಟ ಮುಳುಗಿಸಿಕೊಂಡು ಎದ್ದುಹೋದ ಕುಟುಂಬಗಳೂ ಉಂಟು. ಹುಟ್ಟೂರನ್ನು ಬಿಟ್ಟು ಬಂದ ನಮಗೆ ಆ ಲೆಕ್ಕದ ಎರಡೂ ಬದಿಗಳು ತಿಳಿಯದಿರವು.

ಐಸ್‌ಲೆಂಡೂ ಯಂತ್ರವನ್ನು ಪೂರ್ತಿ ದೂರವಿಟ್ಟ ನಾಡಲ್ಲ. ಇಂದು ಅಲ್ಲಿನ ವಿದ್ಯುತ್ತಿನ ಬಹುಪಾಲು ನೀರಿನಿಂದಲೇ ಬರುತ್ತದೆ. ೨೦೦೭ರಲ್ಲಿ ನಡೆಯತೊಡಗಿದ ಕಾರಾಹ್ನ್ಯೂಕರ್ ಯೋಜನೆ ೬೯೦ ಮೆಗಾವಾಟ್ ಶಕ್ತಿಯದು. ಅದರ ವಿದ್ಯುತ್ತು ಅಲ್ಯೂಮಿನಿಯಂ ಕಾರ್ಖಾನೆಯೊಂದಕ್ಕೆ ಹೋಗುತ್ತದೆ. ಅದರಿಂದ ಎಷ್ಟೋ ಜಲಪಾತಗಳು ಸೊರಗಿದವು. ದೇಶದಲ್ಲಿ ದೊಡ್ಡ ವಾಗ್ವಾದವೇ ನಡೆಯಿತು.

ಈಗ ಇನ್ನೊಂದು ಗಂಡಾಂತರ ಮೂಡಿದೆ. ಭೂಮಿಯ ಉಷ್ಣತೆ ಏರಿ ಹಿಮನದಿಗಳು ಕರಗುತ್ತಿವೆ. ಓಕ್ ಎಂಬ ಹಿಮನದಿಯನ್ನು ೨೦೧೪ರಲ್ಲಿ ಹಿಮನದಿಗಳ ಪಟ್ಟಿಯಿಂದ ತೆಗೆದರು. ೨೦೧೯ರಲ್ಲಿ ಜನರು ಬೆಟ್ಟ ಹತ್ತಿ ಅದರ ಹೆಸರಿನಲ್ಲಿ ಸ್ಮರಣಫಲಕ ನೆಟ್ಟರು. ಗುಲ್‌ಫಾಸ್‌ಗೆ ನೀರೂಡುವ ಲಾಂಗ್‌ಯೋಕುಲ್ ಕೂಡ ವರ್ಷವರ್ಷಕ್ಕೂ ಹಿಂದೆ ಸರಿಯುತ್ತಿದೆ. ಗುತ್ತಿಗೆದಾರನ ಮೇಲೆ ದಾವೆ ಹೂಡಲು ಸಿಗ್ರಿದುರಳಿಗೆ ಒಂದು ರಾಜಧಾನಿಯಿತ್ತು, ಒಬ್ಬ ವಕೀಲನಿದ್ದ. ಕರಗುವ ಹಿಮದ ಪರವಾಗಿ ಯಾರ ಮೇಲೆ ದಾವೆ ಹೂಡುವುದು? ದೀಪ ಉರಿಸುವ, ಗಾಡಿ ಓಡಿಸುವ ನಾವೆಲ್ಲರೂ ಅದರಲ್ಲಿ ಪ್ರತಿವಾದಿಗಳೇ ಆಗಬೇಕಾದೀತು. ಈ ಮಾತನ್ನು ವಾಚಕ ಬಂಧುಗಳ ವಿಚಾರಕ್ಕೆ ಬಿಟ್ಟು ವಿರಮಿಸುತ್ತೇವೆ.