ವಾಸ್ತು ವಿನ್ಯಾಸದ ಹೊರಗುತ್ತಿಗೆ

ಕಟ್ಟಡದ ನಕ್ಷೆ, ವಿವರ ಚಿತ್ರ, ಮೂರು ಆಯಾಮದ ಮಾದರಿಗಳನ್ನು ದೂರದ ದೇಶದ ಬಿಡಿಗೆಲಸಗಾರರಿಂದ ಮಾಡಿಸಿಕೊಳ್ಳುವ ಪದ್ಧತಿ. 1982ರಲ್ಲಿ ನಕ್ಷೆ ಬಿಡಿಸುವ ತಂತ್ರಾಂಶ ಆಟೋಕ್ಯಾಡ್ ಬಂದ ಮೇಲೆ ನಕ್ಷೆ ಕಂಪ್ಯೂಟರ್ ಕಡತವಾಯಿತು. ಇಂಟರ್‌ನೆಟ್ ಅದನ್ನು ಗಡಿ ದಾಟಿಸಿತು. ನ್ಯೂಯಾರ್ಕಿಗಿಂತ ಭಾರತದ ಗಡಿಯಾರ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆ ಮುಂದಿರುವುದರಿಂದ, ಅಲ್ಲಿ ಸಂಜೆ ತಿದ್ದಿ ಕಳಿಸಿದ ಹಾಳೆಯ ಕೆಲಸ ಇಲ್ಲಿ ಹಗಲಿನಲ್ಲಿ ಮುಗಿಯುತ್ತದೆ. ಅಳತೆಯಲ್ಲಿ ಎಚ್ಚರ ಬೇಕು: ಅಮೆರಿಕದ ಚಿತ್ರಗಳು ಅಡಿ–ಅಂಗುಲದಲ್ಲಿ, ನಮ್ಮವು ಮಿಲಿಮೀಟರ್‌ನಲ್ಲಿ.

ಗೆರೆ ಎಲ್ಲಿಂದಲೂ ಎಳೆಯಬಹುದು, ನೆಲ ಹಾಗಲ್ಲ. ಮಂಗಳೂರಿನ ಬೆಂಗ್ರೆಯನ್ನೇ ನೋಡಿ: ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಫಲ್ಗುಣಿ ನದಿ, ನಡುವೆ ಮೀನುಗಾರರ ಮನೆಗಳಿರುವ ಮರಳಿನ ಪಟ್ಟಿ. ಇಲ್ಲಿ ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಜೂನ್‌ನ ಮಳೆ ಗಾಳಿಯೊಂದಿಗೆ ಓರೆಯಾಗಿ ಬಡಿಯುವಾಗ ಗೋಡೆಯನ್ನು ಕಾಯುವುದು ಮುಂದಕ್ಕೆ ಚಾಚಿದ ಮಾಡು. ಹೊರದೇಶದ ಪರದೆಯ ಮೇಲೆ ಚೆಂದ ಕಾಣುವ ಚಪ್ಪಟೆ ತಾರಸಿ, ಬೋಳು ಗೋಡೆ ಈ ಮಳೆಗೆ ಹೊಂದುವುದಿಲ್ಲ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ಕಟ್ಟಡಗಳಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಅನ್ವಯಿಸುತ್ತವೆ. ಜಾಗಕ್ಕೆ ಬಂದು, ಮರಳು ತೋಡಿ ನೋಡುವವರಿಲ್ಲದೆ ಅಡಿಪಾಯ ನಿರ್ಧರಿಸುವುದು ಅಪಾಯ.

ಭಾರತದ 1972ರ ವಾಸ್ತುಶಿಲ್ಪಿಗಳ ಕಾಯ್ದೆ ‘ಆರ್ಕಿಟೆಕ್ಟ್’ ಎಂಬ ಹೆಸರಿನ ಬಳಕೆಯನ್ನು ಮುಖ್ಯವಾಗಿ ನೋಂದಾಯಿತರಿಗೆ ಸೀಮಿತಗೊಳಿಸಿದೆ. ಆ ನಿರ್ಬಂಧ ಹೆಸರಿಗೆ ಮಾತ್ರ, ವಿನ್ಯಾಸದ ಕೆಲಸಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ನೋಂದಾಯಿತರಲ್ಲದವರೂ ವಿನ್ಯಾಸ ಮಾಡಬಹುದಾದ್ದರಿಂದ ಒಪ್ಪಂದದಲ್ಲಿ ಕೃತಿಸ್ವಾಮ್ಯ, ತಿದ್ದುಪಡಿಗಳ ಸಂಖ್ಯೆ, ತಪ್ಪಿನ ಹೊಣೆ ಮೂರನ್ನೂ ಮೊದಲೇ ಬರೆದುಕೊಳ್ಳಬೇಕು.